ಶೇವಂತೆವ್ವನ ಹಣೆ

ಶೇವಂತೆವ್ವನನ್ನು ಚರ್ಚಿನ ಸಮಾಧಿಸ್ಥಳದಲ್ಲಿ ಅವಳ ಗಂಡನ ಪಕ್ಕಕ್ಕೆ ಹೂಳಲಿಲ್ಲ. ಹಣೆಗೆ ಕುಂಕುಮ ಹಚ್ಚಿ, ಒಂದು ಹಾಡೂ ಇಲ್ಲದೆ, ಬೆಂಗೇರಿಯಾಚೆಯ ರುದ್ರಭೂಮಿಗೆ ಒಯ್ದು ಹೂತರು. ಮೂರು ತಿಂಗಳಾಯಿತು. ಇವತ್ತು ಮಹಾನಗರಪಾಲಿಕೆಯ ಮತದಾನ, ಶಾಲೆಯ ಗೋಡೆಗುಂಟ ಹೆಂಗಸರ ಪಾಳಿ, ಗೋಡೆಯ ಮೇಲೆ ಯಾರೋ ಮಾಸ್ತರರು ಬಿಡಿಸಿದ ಮಾವಿನಹಣ್ಣು, ಅದರ ಕೆಂಪು ಗಲ್ಲ ಬಿಸಿಲಿಗೆ ಸಿಪ್ಪೆಯೆದ್ದಿದೆ, ಮುಂದೆ ನಿಂತವಳ ಕೊರಳ ಬೆವರು, ತುರುಬಿನಲ್ಲಿ ಬಾಡಿದ ಅಬ್ಬಲಿಗೆ — ಸೊಸೆ ಕೃಪಾವತಿ ನೋಡುತ್ತಾಳೆ, ನೋಡಿ ಕಣ್ಣು ಕೆಳಗಿಳಿಸುತ್ತಾಳೆ, ಕೆಂಪು ಎಲ್ಲಿ ಕಂಡರೂ ಈಗೀಗ ಅತ್ತೆಯ ಹಣೆಯೇ ಎದುರು ಬಂದು ನಿಲ್ಲುತ್ತದೆ, ಎಪ್ಪತ್ತೆಂಟು ವರ್ಷ ಬರಿದಾಗಿಯೇ ಇದ್ದ ಹಣೆ, ಸಂತೆಯಲ್ಲಿ ಯಾರಾದರೂ ಯಾಕಬೇ ಬರಿಹಣಿಲೆ ತಿರಗ್ತೀ ಎಂದರೆ, ಬರೆಯೂದೆಲ್ಲಾ ದೇವರು ಒಳಗಽ ಬರದಾನ, ಮ್ಯಾಲ ಜಾಗಾ ಖಾಲಿ ಐತಿ ನೋಡು ಎಂದು ಬದನೆಕಾಯಿ ಆರಿಸುತ್ತಿದ್ದ ಮುದುಕಿ. ಬೆನ್ನಿಗೆ ಬೆರಳಿನ ಚುಚ್ಚು, ಎದುರುಮನೆಯ ಜರೀನಾ, ಬುರ್ಖಾದೊಳಗಿಂದ ನಗೆ, ಯಕ್ಕಾ, ಕ್ಯಾಂಡಿಡೇಟನ ಹೆಂಡ್ತಿ ಆಗಿ ನಮ್ಮ ಸರೀಕ ಪಾಳಿ ಹಚ್ಚೀಯಲ್ಲ, ನಿನ್ನ ಗಂಡ ಆರಿಸಿ ಬಂದ್ರ ನಳ ವಾರಕ್ಕೊಮ್ಮಿ ಬಿಡ್ತಾನೋ ಹದಿನೈದು ದಿನಕ್ಕೋ, ಅದನ್ನಷ್ಟು ಹೇಳು, ಮತ್ತ ಆ ಪ್ರಚಾರದ ಪಟದಾಗ ಅಷ್ಟೊಂದು ವಿಭೂತಿ ಯಾಕ ಬಡಕೊಂಡಾನ, ನನಗ ಗುರುತಽ ಹತ್ತಲಿಲ್ಲ, ಯಾವ ಮಠದ ಅಜ್ಜಾರು ಬಂದ್ರಪಾ ಅಂತ ಅಂದೆ. ಕೃಪಾವತಿ ನಗುತ್ತಾಳೆ, ಪಟದ ಕೆಳಗೆ ಹೆಸರು ಮಹಾಂತೇಶ, ಹನ್ನೆರಡು ಪಟ ಎಣಿಸಿಕೊಂಡೇ ಶಾಲೆಯ ತನಕ ನಡೆದು ಬಂದಳು, ಹನ್ನೆರಡು ಮಹಾಂತೇಶ, ಬಾಪ್ತಿಸ್ಮದ ನೀರು ತಲೆಯ ಮೇಲೆ ಬಿದ್ದಾಗ ಇಟ್ಟ ಜ್ಞಾನಮಿತ್ರ ಎಂಬ ಹೆಸರು ಒಂದರಲ್ಲೂ ಇಲ್ಲ, ಆ ಹೆಸರಿನವನನ್ನೇ ಅವಳು ಮದುವೆಯಾದದ್ದು, ಪಟದಲ್ಲಿರುವವನ ಪರಿಚಯ ಅವಳಿಗೆ ಅಷ್ಟಕ್ಕಷ್ಟೇ.

ಪಾಳಿ ಎರಡು ಹೆಜ್ಜೆ ಮುಂದೆ. ಕೈಯೊಳಗಿನ ಮತಚೀಟಿ ಬೆವರಿಗೆ ಮೆತ್ತಗಾಗಿದೆ, ಇದು ನಿನ್ನೆಯ ರಾತ್ರಿಯೆಲ್ಲ ಸತ್ಯವೇದದೊಳಗಿತ್ತು, ಮನೆಯ ಪದ್ಧತಿ ಅದು, ಶೇವಂತೆವ್ವ ಹಾಕಿಕೊಟ್ಟದ್ದು, ಮತದಾನದ ಹಿಂದಿನ ದಿನ ಮನೆಯವರೆಲ್ಲರ ಚೀಟಿ ಕೀರ್ತನೆಗಳ ಹಾಳೆಯ ನಡುವೆ ಇಟ್ಟು, ದಾರ ಕಟ್ಟಿದ ಕನ್ನಡಕ ಏರಿಸಿ, ಎಲ್ಲರನ್ನೂ ಚಾಪೆಯ ಮೇಲೆ ಕೂಡಿಸಿ ಪ್ರಾರ್ಥನೆ, ಕರ್ತನೇ, ನಿಂತವರೆಲ್ಲಾ ಕಳ್ಳರದಾರ, ಅದು ನಿನಗೂ ಗೊತ್ತೈತಿ ನನಗೂ ಗೊತ್ತೈತಿ, ಅವರಾಗ ಕಡಿಮಿ ಕಳ್ಳ ಯಾವಾಂವ ಅನ್ನೂದಷ್ಟು ತೋರಿಸಿಕೊಡು, ಆಮೆನ್ — ಮಗಳು ಸುರಭಿ ನಗೆ ತಡೆಯಲಾರದೆ ಲಂಗದೊಳಗೆ ಮುಖ ಹುದುಗಿಸುತ್ತಿದ್ದಳು. ಚರ್ಚಿನ ಹಿರಿಯರು ಆರಾಧನೆ ಮುಗಿದ ಮೇಲೆ ಚಪ್ಪಲಿ ಬಿಡುವ ಕಟ್ಟೆಯ ಹತ್ತಿರ ಒಬ್ಬೊಬ್ಬರನ್ನೇ ಹಿಡಿದು ಪಿಸುಗುಡುವರು, ಈ ಸಲ ಅವರಿಗೇ ಹಾಕ್ರಿ, ಅವರು ಬಂದ್ರ ನಮ್ಮ ಪ್ರಾರ್ಥನಾಕ್ಕ ಯಾರೂ ಅಡ್ಡ ಬರಂಗಿಲ್ಲ. ಬರಂಗಿಲ್ಲ ಖರೇ, ನಮ್ಮ ಓಣಿಗೂ ಬರಂಗಿಲ್ಲ, ಐದು ವರ್ಷ ಗಟಾರ ಯಾರು ಬಳೀಬೇಕು ಎಂದು ಅತ್ತೆ ಅಂದರೆ ಹಿರಿಯರು ಗಡಿಯಾರ ನೋಡಿಕೊಳ್ಳುವರು. ಪ್ರಾರ್ಥನೆ ಮಾಡಿ ಹಾಕಿದ ವೋಟೂ ಗಟಾರಕ್ಕೇ ಹೋಯಿತು, ಪ್ರತಿಸಲವೂ, ಆದರೂ ಮುದುಕಿ ಬಿಡಲಿಲ್ಲ, ಆರಿಸೂದು ನನ್ನ ಕೆಲಸ, ತಿದ್ದೂದು ಅವನ ಕೆಲಸ. ಈ ಸಲ ಅತ್ತೆಯ ಚೀಟಿಯೂ ಬಂತು, ಪಟ್ಟಿಯಿಂದ ಹೆಸರು ತೆಗೆದಿಲ್ಲ, ಅವ್ವನ ವೋಟು ಸುಮ್ಮನ ದಂಡ ಆಗಬಾರದು, ಆಕಿ ವೋಟಿನ ಕಾರ್ಡು ಕೊಡು, ನಮ್ಮ ಕಡಿ ಯಾರರ ಮುದುಕಿನ್ನ ಕಳಸ್ತೇನಿ ಅಂದ ಗಂಡ, ಅವಳು ಸಿಗವಲ್ದು ಅಂದಳು, ಕಾರ್ಡು ಆಗಲೇ ಅವಳ ಕುಪ್ಪಸದೊಳಗಿತ್ತು, ಈಗಲೂ ಇದೆ, ಅದರ ಮೂಲೆ ಎದೆಗೆ ಚುಚ್ಚುತ್ತಿದೆ, ಅದರಲ್ಲಿ ಅತ್ತೆಯ ಫೋಟೋ, ಬೆಳಕು ಬಿದ್ದು ಹೊಳೆಯುವ ಬರಿಹಣೆ.

ಎಲ್ಲವೂ ಒಂದು ಕಾಗದದಿಂದ ಸುರುವಾದದ್ದು, ಹಿಂದೂ ಮಾದರ ಎಂದು ಸಿಕ್ಕೆ ಒತ್ತಿದ ಜಾತಿ ಕಾಗದ — ಗರಗದ ಕೇರಿಯಲ್ಲಿ ಮಾವನ ಅಪ್ಪ ಬಾಪ್ತಿಸ್ಮ ತಗೊಂಡ, ಮರುದಿನವೂ ಊರವರು ನೀರು ಮೇಲಿನಿಂದಲೇ ಹೊಯ್ದರು, ಹುಬ್ಬಳ್ಳಿಗೆ ಬಂದ, ಚರ್ಚಿನಲ್ಲಿ ಹಳೇ ಮಿಶನ್ ಮನೆತನಗಳಿಗೆ ಮುಂದಿನ ಬೆಂಚು, ಇವರಿಗೆ ಕಂಬದ ಹಿಂದಿನದು, ಕೃಪಾವತಿಯ ತವರೂ ಅದೇ ಬೆಂಚಿನದು, ಅವಳ ಅಕ್ಕನಿಗೆ ಒಂದು ಸಂಬಂಧ ಬಂದಾಗ ಗಂಡಿನ ತಾಯಿ ಕೇಕು ತಿನ್ನುತ್ತ, ಎಲ್ಲಾ ಛಲೋ ಐತ್ರಿ, ನಿಮ್ಮ ಮೂಲ ಯಾವುದು ಅಂತ ಒಂದು ಮಾತು ಹೇಳಿಬಿಡ್ರಿ ಎಂದು ಕೇಳಿದಳು, ಮೂಲ ಹೇಳಿದ ಮೇಲೆ ಕೇಕು ತಟ್ಟೆಯಲ್ಲೇ ಉಳಿಯಿತು. ಬಾವಿಯ ಹತ್ತಿರ ಇದ್ದ ಜಾತಿ ಬೆಂಚಿನ ಹತ್ತಿರವೂ ಬಂತು, ಮದುವೆಗೂ ಬಂತು, ಸರ್ಕಾರವೊಂದು ಮಾತ್ರ ಹೇಳುತ್ತದೆ, ಯೇಸುವಿನ ಹೆಸರು ಹೇಳಿದ ಕೂಡಲೇ ನಿಮ್ಮ ಜಾತಿ ಹೋಯಿತು, ಕಾಗದ ಇತ್ತ ಕೊಡಿ ಎಂದು, ಹೋಗಿದ್ದರೆ ಕೊಡಬಹುದಿತ್ತು, ಎಲ್ಲಿಗೆ ಹೋಗಿದೆ ಅಂತ ತೋರಿಸಲಿ ಯಾರಾದರೂ. ಅದಕ್ಕೇ ಮಾವ ಶಾಲೆಯ ದಾಖಲೆಯಲ್ಲಿ ಮಗನನ್ನು ಮಹಾಂತೇಶ ಮಾಡಿದ, ಅದಕ್ಕೇ ಸುರಭಿಯ ನರ್ಸಿಂಗ್ ಸೀಟಿನ ಅರ್ಜಿಯ ಮೇಲೆ ಧರ್ಮ ಎಂಬ ಕಡೆ ಹಿಂದೂ ಎಂದು ಬರೆದು ಕೃಪಾವತಿಯೇ ಸಹಿ ಮಾಡಿದಳು, ನೀಲಿ ಶಾಯಿ, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ ಅವಳು, ಅದು ಹೊಟ್ಟೆಯ ಸುಳ್ಳು, ಮಗಳ ಸುಳ್ಳು. ಆಮೇಲೆ ವಾರ್ಡು ಪರಿಶಿಷ್ಟ ಜಾತಿಗೆ ಮೀಸಲಾಯಿತು, ಗಂಡ ದೇಶಪಾಂಡೆ ನಗರದ ಪಕ್ಷದ ಕಚೇರಿಯ ಮೆಟ್ಟಿಲು ಹತ್ತಿದ, ಅಲ್ಲಿ ಬಿಂದುಮಾಧವರಾಯರು, ಟಿಕೀಟು ಹಂಚುವವರು, ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟು ನಿಧಾನ ಹೇಳಿದರಂತೆ, ನೋಡ್ರಿ ಮಹಾಂತೇಶ, ನೀವು ಮನ್ಯಾಗ ಏನರ ಇರ್ರಿ, ನಾವೇನು ಬಾಗಿಲಾ ತೆಗದು ನೋಡಂಗಿಲ್ಲ, ಹೊರಗ ಮಾತ್ರ ನಮ್ಮವರ ಹಂಗ ಕಾಣಬೇಕು. ಅದೇ ಪಕ್ಷ, ಅದರ ಹುಡುಗರೇ ಹೋದ ವರ್ಷ ಓಣಿಯ ಪ್ರಾರ್ಥನಾಮನೆಗೆ ನುಗ್ಗಿ ಹಾರ್ಮೋನಿಯಂ ಒಡೆದದ್ದು, ಒಡೆದ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ತಂದವನೂ ಇದೇ ಗಂಡ, ಅವತ್ತು ಅತ್ತನಲ್ಲ, ಆ ಕಣ್ಣೀರು ಯಾವ ಲೋಟದ ಚಹಾದಲ್ಲಿ ಕರಗಿತು. ಆಮೇಲೆ ಒಂದೊಂದೇ — ಕ್ರಿಸ್ಮಸ್ಸಿನ ನಕ್ಷತ್ರ ಮಾಳಿಗೆಯಿಂದ ಇಳಿಯಲಿಲ್ಲ, ಶಿಲುಬೆಯ ಕ್ಯಾಲೆಂಡರು ಸೀರೆಗಳ ಹಿಂದೆ ಹೋಯಿತು, ಸಂಜೆಯ ಪ್ರಾರ್ಥನೆಗೆ ಟೀವಿ ಜೋರು ಮಾಡಿ ಕೂರಬೇಕು, ಸುರಭಿ ಜನರೆದುರು ಪಪ್ಪಾ ಅನ್ನಬಾರದು, ಅಪ್ಪಾಜಿ ಅನ್ನಬೇಕು, ಶೇವಂತೆವ್ವ ಟೀವಿಯ ಸದ್ದಿನ ಮೇಲೆ ಕೂಗಿ ಪ್ರಾರ್ಥಿಸಿದಳು, ಕರ್ತನೇ, ಈ ಧಾರಾವಾಹಿಯಾಕಿ ಅಳೂದು ನಿಂತ ಮ್ಯಾಲೆ ನಂದೂ ಒಂದಿಷ್ಟು ಕೇಳಿಸ್ಕೋ. ಅಯ್ಯನವರು, ಚರ್ಚಿನ ಪಾದ್ರಿಗಳು, ಮನೆಗೆ ಬಂದರು, ಬೈಯುತ್ತಾರೆ ಅಂದುಕೊಂಡಿದ್ದಳು ಕೃಪಾವತಿ, ಬೈದಿದ್ದರೆ ಅವರ ಕಾಲು ಹಿಡಿಯುತ್ತಿದ್ದಳು, ಅವರು ಅವಲಕ್ಕಿ ತಿಂದು, ಕರ್ತನು ಹೃದಯ ನೋಡ್ತಾನ, ಹೊರಗಿಂದಲ್ಲ, ನೀವು ಆರಿಸಿ ಬಂದ್ರಂದ್ರ ನಮ್ಮ ಚರ್ಚಿನ ಕಂಪೌಂಡ್ ಗೋಡಿ ನೆನಪಿಡ್ರಿ ಅಂದರು. ಕಂಬದ ಹಿಂದಿನ ಬೆಂಚಿನವರ ನೆನಪು ಅವರಿಗೆ ಗೋಡೆ ಬೇಕಾದಾಗ ಬಂತು.

ಆಮೇಲೆ ಆ ಶನಿವಾರ. ಶೇವಂತೆವ್ವ ಹಲ್ಲುಜ್ಜಿ ಬಂದು ಕೂತವಳು ಹಾಗೇ ಗೋಡೆಗೆ ಒರಗಿದಳು, ಅಷ್ಟೇ. ಅವಳ ಟ್ರಂಕಿನಲ್ಲಿ ಎಲ್ಲ ತಯಾರಿತ್ತು, ಬಿಳೀ ಸೀರೆ, ಹಾಡಿನ ಪುಸ್ತಕ, ಪುಟಕ್ಕೆ ನವಿಲುಗರಿಯ ಗುರುತು, ಹಾಡು ನೀನಽ ಎತ್ತವ್ವಾ ಕೃಪಾ, ನಿನ್ನ ದನಿ ಛಲೋ ಐತಿ, ನಮ್ಮ ಜ್ಞಾನ್ಯಾ ಎತ್ತಿದ್ರ ನಾ ಸತ್ತಾಕಿ ಎದ್ದು ಓಡಿಹೋಗತೇನಿ ಎಂದು ಮೊದಲೇ ಹೇಳಿಟ್ಟಿದ್ದಳು, ಎತ್ತುತೇನ್ರಿ ಅತ್ತಿ ಎಂದು ಕೃಪಾವತಿ ಕೈಮೇಲೆ ಕೈ ಇಟ್ಟಿದ್ದಳು. ಟಿಕೀಟು ಇನ್ನೆರಡು ದಿನಕ್ಕೆ ಗಟ್ಟಿಯಾಗುವುದಿತ್ತು. ಹಾಡು ಬ್ಯಾಡ, ಗಂಡ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತ, ಹೆಣದ ಪೆಟ್ಟಿಗಿ ಬ್ಯಾಡ, ಅಯ್ಯನವರು ಬ್ಯಾಡ, ರಾಯರು ಹಾರ ಹಿಡ್ಕೊಂಡು ಬರಾಕತ್ತಾರ. ಕೃಪಾವತಿ ಬಾಯಿಗೆ ಸೆರಗು ತುರುಕಿಕೊಂಡಳು, ತುರುಕಿಕೊಂಡದ್ದು ತಾನೇ, ಯಾರೂ ಕೈಹಾಕಿ ತುರುಕಲಿಲ್ಲ. ಅವನು ಅಂಗಡಿಯಿಂದ ಕುಂಕುಮ ತರಿಸಿ, ಎಣ್ಣೆ ಹಚ್ಚಿದ ತಾಯಿಯ ಹಣೆಯ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿದ, ರೂಪಾಯಿಯಗಲ, ಒತ್ತಿ ಹಿಂದೆ ಸರಿದು ನೋಡಿದ, ಸರಿಯಾಯಿತು ಎನ್ನುವ ಹಾಗೆ. ಮಲ್ಲಿಗೆಯ ಹಾರ ಹಿಡಿದು ಬಂದ ಪಕ್ಕದ ಮನೆಯ ಶಿವಲಿಂಗವ್ವ ಹೊಸ್ತಿಲಲ್ಲೇ ನಿಂತಳು, ಯಪ್ಪಾ, ಇದೇನೋ, ಗಂಡ ಸತ್ತು ಇಪ್ಪತ್ತು ವರ್ಷ ಆದಾಕಿಗೆ ಕುಂಕುಮ ಹಚ್ಚೀಯಲ್ಲೋ, ಇಷ್ಟೂ ತಿಳಿಯಂಗಿಲ್ಲೇನು ನಿಮಗ. ತಿಳಿಯುತ್ತಿರಲಿಲ್ಲ, ಖರೇ, ಯಾರು ಹೇಳಿಕೊಡಬೇಕು, ಆ ಮನೆಯಲ್ಲಿ ಮುತ್ತೈದೆಗೂ ಕುಂಕುಮವಿಲ್ಲ, ವಿಧವೆಗೂ ಇಲ್ಲ, ಮೂರು ತಲೆಮಾರಿನಿಂದ ಹೆಂಗಸರ ಹಣೆ ಗಂಡ ಇದ್ದಾನೋ ಸತ್ತನೋ ಎಂದು ಯಾರಿಗೂ ಲೆಕ್ಕ ಒಪ್ಪಿಸಿದ್ದಿಲ್ಲ, ಶೇವಂತೆವ್ವ ಅದನ್ನೇ ಹೇಳುತ್ತಿದ್ದಳು, ಯೇಸಪ್ಪ ನನಗ ಇದೊಂದು ಉಪಕಾರ ಮಾಡ್ಯಾನ ನೋಡು, ನಿಮ್ಮ ಮಾವ ಸತ್ತಾಗ ನನ್ನ ಹಣಿ ಒರಸಾಕ ಯಾರಿಗೂ ಏನೂ ಸಿಗಲಿಲ್ಲ. ಅವತ್ತು ಸಿಕ್ಕಿತು. ಮಗನೇ ಹಚ್ಚಿ, ಮಗನೇ ಅವಳ ಸೆರಗಿನ ತುದಿಯಿಂದ ಗಸಗಸ ತಿಕ್ಕಿದ, ಎಣ್ಣೆಯಲ್ಲಿ ಕುಂಕುಮ ಕರಗಿ ಒರೆಸಿದಷ್ಟೂ ಹರಡಿತು, ಹುಬ್ಬಿಗೆ, ಕಪಾಳಕ್ಕೆ, ಮೇಲೆ ವಿಭೂತಿ ಬಳಿದ, ವಿಭೂತಿಯ ಕೆಳಗಿಂದ ಕೆಂಪು ಮತ್ತೆ ಎದ್ದಿತು, ಮುಖಕ್ಕೆ ಮಣ್ಣು ಬೀಳುವ ತನಕ ಅದು ಹಾಗೇ ಇತ್ತು.

ಯಕ್ಕಾ, ಮುಂದ ಸರಿ, ಜರೀನಾ ತಳ್ಳುತ್ತಾಳೆ, ಬಾಗಿಲು ಇನ್ನು ಐದು ಹೆಜ್ಜೆ, ಅಷ್ಟರಲ್ಲಿ ಗೇಟಿನ ಕಡೆ ಗದ್ದಲ, ಗಂಡ ಬರುತ್ತಿದ್ದಾನೆ, ಪಟದೊಳಗಿಂದ ಎದ್ದು ಬಂದ ಹಾಗೇ, ಬಿಳೀ ಅಂಗಿ, ಹಣೆತುಂಬ ವಿಭೂತಿ, ಗೇಟಿನಾಚೆ ಪತ್ರಿಕೆಯ ಇಬ್ಬರು ಕ್ಯಾಮೆರಾ ಹಿಡಿದು ಕಾಯುತ್ತಿದ್ದಾರೆ, ಎದುರಾಳಿ ಕಡೆಯವರು ಇವರು ಕಿರಿಸ್ತಾನರು, ಜಾತಿ ಕಾಗದ ಸುಳ್ಳು ಎಂದು ತಕರಾರು ಕೊಟ್ಟಾಗಿದೆ, ಅದಕ್ಕೆ ಉತ್ತರ ನಾಳೆಯ ಪೇಪರಿನ ಫೋಟೋ, ಗಂಡ-ಹೆಂಡತಿ ಜೋಡಿ, ಶಾಯಿಯ ಬೆರಳು, ಕುಂಕುಮದ ಹಣೆ, ಬೆಳಿಗ್ಗೆಯೇ ಹೇಳಿದ್ದ, ಅವಳು ಚೀಟಿ ತಗೊಂಡು ನಡೆದುಬಿಟ್ಟಿದ್ದಳು. ಕೈಯಲ್ಲಿ ಕಾಗದದ ಪೊಟ್ಟಣ, ಬಿಚ್ಚುತ್ತಾನೆ, ದನಿ ತಗ್ಗಿಸುತ್ತಾನೆ, ಬರಿಹಣಿಲೆ ಬಂದೀಯಲ್ಲ, ಹುಚ್ಚಿ, ಹಣಿ ಇತ್ತ ಹಿಡಿ, ಒಂದಽ ಬೊಟ್ಟು, ಫೋಟೋ ಆದಮ್ಯಾಲೆ ಒರಸ್ಕೊಳ್ಳೀಯಂತ, ಯಾರು ಬ್ಯಾಡಂತಾರ. ಒರಸ್ಕೊಳ್ಳೀಯಂತ — ಅವಳು ಅವನ ಹೆಬ್ಬೆರಳು ನೋಡುತ್ತಾಳೆ, ಅದೇ ಹೆಬ್ಬೆರಳು, ಉಗುರಿನ ಸಂದಿಗೆ ಕೆಂಪು, ಮೂರು ತಿಂಗಳ ಹಿಂದಿನದೋ ಈಗಿನದೋ. ಲಗೂ ಮಾಡು, ಮಂದಿ ನೋಡಾಕತ್ತಾರ, ಸುರಭಿ ಸೀಟು ನೆನಪೈತೇನು ನಿನಗ, ಜಾತಿ ಕಾಗದ ಹೋದ್ರ ಅದೂ ಹೋಗತೈತಿ ನೋಡು ಮತ್ತ. ನೆನಪಿದೆ, ನೀಲಿ ಶಾಯಿಯ ಸಹಿ ನೆನಪಿದೆ, ಮಗಳ ಬಿಳೀ ಸಮವಸ್ತ್ರ ನೆನಪಿದೆ, ಅದು ಹೋದರೆ ತಾನು ಮಗಳ ಮುಖ ಹೇಗೆ ನೋಡುವುದು ಗೊತ್ತಿಲ್ಲ, ಕಡಿಮೆ ಕಳ್ಳ ಯಾರು ಎಂದು ಈ ಸಲ ಯಾರೂ ತೋರಿಸಿಕೊಟ್ಟಿಲ್ಲ, ಪಾಳಿಯ ಹೆಂಗಸರೆಲ್ಲ ತಿರುಗಿದ್ದಾರೆ, ಜರೀನಾಳ ನಗೆ ನಿಂತಿದೆ, ಹೆಬ್ಬೆರಳು ಹತ್ತಿರ ಬರುತ್ತಿದೆ, ಬಾಯಿಯಲ್ಲಿ ಸೆರಗಿಲ್ಲ, ಎದೆಗೆ ಕಾರ್ಡಿನ ಮೂಲೆ ಚುಚ್ಚುತ್ತಿದೆ, ಅವಳು ಮುಖ ಹಿಂದಕ್ಕೆ ತೆಗೆಯುವುದಿಲ್ಲ, ಅವನ ಮಣಿಕಟ್ಟು ಹಿಡಿಯುತ್ತಾಳೆ, ಒಲ್ಲೆ. ಏನು, ಅನ್ನುತ್ತಾನೆ. ಒಲ್ಲೆ ಜ್ಞಾನಮಿತ್ರ, ಎಲ್ಲರಿಗೂ ಕೇಳುವ ಹಾಗೆ, ಹಾಡು ಎತ್ತುವ ದನಿಯಲ್ಲಿ, ನಾ ಹಚ್ಚಿಸ್ಕೊಳ್ಳಂಗಿಲ್ಲ. ಕೈ ಬಿಡು ಅನ್ನುತ್ತಾನೆ, ಬಿಡುವುದಿಲ್ಲ, ಬಿಸಿಲು, ಗೋಡೆಯ ಮಾವಿನಹಣ್ಣು, ನಡುವೆ ಗಾಳಿಯಲ್ಲಿ ನಿಂತ ಕೆಂಪು ಹೆಬ್ಬೆರಳು, ಅದರ ಹಿಂದೆ ಅತ್ತೆಯ ಹಣೆ, ವಿಭೂತಿಯ ಕೆಳಗಿಂದ ಏಳುತ್ತಿರುವ ಕೆಂಪು, ಒರೆಸಿದಷ್ಟೂ, ಒರೆಸಿದಷ್ಟೂ, ಅತ್ತೆಯ ಹಣೆ, ಹಣೆ —