ರೈಲು ಪಾರ್ಕಿನ ಕಕ್ಕಸ್ಸು

"ಎಣ ಕೊಳೆತಂಗೆ ನಾರ್ತದಲ್ಲೋ, ಬೋಳಿಮಗನೆ! ಇನ್ನೊಂದ್ಸತಿ ತೊಳಿ," ಎಂದು ಪುಟ್ಟರಾಜು ಕಕ್ಕಸ್ಸಿನ ಬಾಗಿಲಿಗೆ ಬೂಟುಗಾಲಲ್ಲಿ ಒದ್ದು ವಾಕಿಂಗಿಗೆ ಹೊರಟ. ಆತ ವಾಕಿಂಗ್ ಸಂಘದ ಅಧ್ಯಕ್ಷ, ಗದ್ದೆ ತೋಟದ ಗೌಡ. ದೊಡ್ಡಸಿದ್ದಯ್ಯ ಆಯ್ತು ಬುದ್ದಿ ಎಂದು ಬಕೆಟ್ಟು ಎತ್ತಿಕೊಂಡ.

ಮದ್ದೂರಿನ ಹೊರಗಿನ ಈ ಹಳೇ ರೈಲುದಾರಿಯಲ್ಲೇ ಅವನು ಇಪ್ಪತ್ತು ವರ್ಷ ಕೂಲಿಗೆ ಜಲ್ಲಿ ಹೊಡೆದಿದ್ದ. ಹಳಿ ಕಿತ್ತು ಈಗ ಪಾರ್ಕು ಮಾಡಿದ್ದಾರೆ. ಜನ ಟೈಲ್ಸಿನ ಮೇಲೆ ಕೈಬೀಸಿಕೊಂಡು ನಡೆಯುತ್ತಾರೆ. ಇವನು ಮಾತ್ರ ಇವತ್ತಿಗೂ ಹಳಿಯಡಿಯ ಸ್ಲೀಪರು ದಿಮ್ಮಿಯಿಂದ ದಿಮ್ಮಿಗೆ ಇಡುವ ಗಿಡ್ಡ ಹೆಜ್ಜೆಯವನೇ. ಮುದಿಕೋಳಿ ನಡಿಗೆ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಾನೆ. ಆ ಹೆಜ್ಜೆಯಲ್ಲಿ ಹಳೇ ಗೇಟಿನಿಂದ ನಲವತ್ತೆರಡು, ಬಲಕ್ಕೆ ಆರು ಎಣಿಸಿದರೆ ಅವನ ಹೆಂಡತಿ ಚಲುವಮ್ಮನನ್ನು ಮಣ್ಣು ಮಾಡಿದ ಜಾಗ. ಕೇರಿಯ ಹೆಣವನ್ನು ಊರ ಸ್ಮಶಾನಕ್ಕೆ ಬಿಟ್ಟುಕೊಳ್ಳದೆ ರೈಲುದಾರಿಯ ಪಕ್ಕವೇ ಗತಿಯಾಗಿತ್ತು.

ಪಾರ್ಕು ಅಳೆಯಲು ಬಂದ ಇಂಜಿನಿಯರು ಪ್ರಸನ್ನ, ಹಳಬರು ನೀವೇ ಎಲ್ಲ ತೋರಿಸಬೇಕು ಯಜಮಾನ್ರೇ ಎಂದದ್ದೇ ತಡ, ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಗೆದ ಅಂಗಿ ತೊಟ್ಟು, ಸಾಹೇಬರಿಗೆ ಕೊಡೆ ಹಿಡಿದು, ಅಯ್ಯೋ ಅವನ ಸಂಭ್ರಮವೇ! ಹೆಂಡತಿಯ ಜಾಗವನ್ನೂ ತೋರಿಸಿ, ಇದೊಂದನ್ನು ಬಿಟ್ಟುಬಿಡಿ ಎಂದ. ಪ್ರಸನ್ನ ನಕ್ಷೆಯಲ್ಲಿ ಗುರುತು ಹಾಕಿಕೊಂಡ. ಚಲುವಮ್ಮ ಸರ್ಕಾರದ ನಕ್ಷೆ ಸೇರಿದಳು ಎಂದು ಈ ಪೆದ್ದ ಕೇರಿಗೆಲ್ಲ ಸಾರಿಕೊಂಡು ಬಂದ.

ಹೆಣ ಹೂತ ಕಡೆ ಬೆಂಚು ಹಾಕಿದರೆ ಜನ ಕೂರುವುದಿಲ್ಲವಂತೆ, ಕಕ್ಕಸ್ಸಿಗಾದರೆ ಯಾರೂ ಕೇಳುವುದಿಲ್ಲವಂತೆ. ಆ ಗುರುತಿನ ಮೇಲೇ ಕಟ್ಟಿದರು. ತೊಳೆಯುವ ಕೆಲಸವನ್ನೂ ಇವನಿಗೇ ಕೊಟ್ಟರು. ಹೊಟ್ಟೆಪಾಡು, ಒಪ್ಪಿಕೊಂಡ. ಬದುಕಿದ್ದಾಗ ಅವಳಿಗೆ ಒಂದು ಬಿಂದಿಗೆ ನೀರು ತಂದುಕೊಡದ ಮೂದೇವಿ, ಈಗ ದಿನಾ ಇಪ್ಪತ್ತು ಬಕೆಟ್ಟು ಸುರಿಯುತ್ತೀಯಲ್ಲ ಎಂದು ಆರು ತಿಂಗಳಿಂದ ತನ್ನನ್ನೇ ಅಣಕಿಸಿಕೊಂಡು ನಗುತ್ತಿದ್ದ.

ಇವತ್ತು ನಗು ಬರಲಿಲ್ಲ. ಹೆಣ ಕೊಳೆತಂತೆ ಎಂದ ಗೌಡನ ಮಾತು ಎದೆಗೆ ಚುಚ್ಚಿತ್ತು. ತೊಳೆದು, ಒರೆಸಿ, ಬೀಗ ಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬೀಡಿ ಹಚ್ಚಿದ.

ಎರಡು ಸುತ್ತು ನಡೆದ ಪುಟ್ಟರಾಜು ಹೊಟ್ಟೆ ಹಿಡಿದುಕೊಂಡು ಓಡಿ ಬಂದ. ಬೀಗ ತೆಗೆಯೋ ಎಂದು ಅವ್ವ ಅಪ್ಪನನ್ನೆಲ್ಲ ಸೇರಿಸಿ ಬೈದ. ಕೆಲಸದಿಂದ ಕಿತ್ತು ಹಾಕಿಸುತ್ತೇನೆ ಎಂದ. ಕೊನೆಗೆ, ನಡೆಯುತ್ತಿದ್ದವರೆಲ್ಲ ನಿಂತು ನೋಡುತ್ತಿರುವಾಗಲೇ, ದಮ್ಮಯ್ಯ ಎಂದ.

ದೊಡ್ಡಸಿದ್ದಯ್ಯ ಕೂತಲ್ಲಿಂದ ಏಳಲಿಲ್ಲ.

"ಒಳಗೆ ನನ್ನೆಡ್ತಿ ಮನಗವ್ಳೆ ಕಣ್ರೀ ಗೌಡ್ರೆ. ನಿಮ್ಮ ಸ್ಮಸಾನ ಇಲ್ಲೇ ಅತ್ರದಲ್ಲೇ ಅದಲ್ಲ, ಓಗಿ ನಿಮ್ಮಪ್ಪನ ಗೋರಿ ಮ್ಯಾಲೆ ಕುಂತ್ಕಳಿ. ಆಮ್ಯಾಕೆ ಕರೀರಿ, ಅದ್ನೂ ನಾನೇ ತೊಳ್ದುಕೊಡ್ತೀನಿ."