ಅಣ್ಣ ಮಾಡಿದ ಉಕುಲೇಲೆ

ನನ್ನ ಅಣ್ಣ ಕೈಪೋ ಬದುಕಿದ್ದಷ್ಟು ಕಾಲ ಪದರದ ಹಲಗೆಯ ಉಕುಲೇಲೆಯನ್ನು ನಮ್ಮ ಅಂಗಡಿಯ ಹೊಸ್ತಿಲು ದಾಟಲು ಬಿಟ್ಟವನಲ್ಲ. ಮರದ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ, ನಾಲ್ಕು ತಂತಿಯ ಆ ಅಗ್ಗದ ಪುಟ್ಟ ವಾದ್ಯವನ್ನು ಯಾರಾದರೂ ರಿಪೇರಿಗೆ ತಂದರೆ, "ಇದಕ್ಕೆ ನಾನ್ಯಾಕೆ, ಒಂದು ಡಬ್ಬಿ ಗೋಂದು ತಗೊಂಡು ಹೋಗು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದ. ಉಕುಲೇಲೆ ಎಂದರೆ ಕೋಆ ಮರ, ಅದೂ ಇಡೀ ಮರದಿಂದ ಸೀಳಿದ ಒಂದೇ ಹಲಗೆ. ಕೊಡಲಿ ಹಾಕುವ ಮುಂಚೆ ಮರದ ಬುಡದಲ್ಲಿ ನಿಂತು ಅಪ್ಪಣೆ ಕೇಳುವ ಜನ ನಾವು. ವಾದ್ಯ ಮಾಡಿದವನ ಉಸಿರು ಅಂಥ ಮರದಲ್ಲಿ ಉಳಿಯುತ್ತದೆ ಎಂದು ನಮ್ಮ ದ್ವೀಪದ ಹಿಲೋ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಅಡುಗೆಗೆಂದು ಓಪಿಹಿ ಚಿಪ್ಪು ಕೀಳಲು ಕಡಲಂಚಿನ ಬಂಡೆಗೆ ಹೋದ ಕೈಪೋನನ್ನು ಅಲೆ ಎಳೆದುಕೊಂಡು ಹೋಯಿತು. ದೇಹವೂ ಸಿಗಲಿಲ್ಲ. ಆಗ ಲೇಹುವಾ ಅತ್ತಿಗೆಗೆ ನಾವೆಲ್ಲ ಹೇಳಿದ ಸಮಾಧಾನ ಒಂದೇ: ಅವನೆಲ್ಲೂ ಹೋಗಿಲ್ಲ, ನಿನಗಾಗಿ ಮಾಡಿಕೊಟ್ಟ ಆ ಉಕುಲೇಲೆಯಲ್ಲೇ ಇದ್ದಾನೆ. ಹೇಳುವವರಿಗೇನು, ಹೇಳಿ, ಉಂಡು, ಮನೆಗೆ ಹೋದೆವು.

ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಣ್ಣನ ಮಗಳು ನೋಯೆ ಅದೇ ಉಕುಲೇಲೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು.

"ಅಂಕಲ್, ಇದರ ಬಾಯಿ ಮುಚ್ಚಿಸಿಕೊಡಿ."

"ತಂತಿ ಬಿಚ್ಚಿದ್ರೆ ತಾನೇ ಮುಚ್ಚತ್ತಲ್ಲಮ್ಮ."

"ಬಿಚ್ಚಿದೀನಿ, ನೋಡಿ. ಆದ್ರೂ ಗುಂಯ್ ಅನ್ನತ್ತೆ. ಅಮ್ಮ ಬಾಗಿಲು ಹಾಕ್ಕೊಂಡು ಸಂಜೆಯೆಲ್ಲಾ ಇದರ ಜೊತೆ ಮಾತಾಡ್ತಾ ಕೂತಿರ್ತಾಳೆ. ಊಟ ಅರ್ಧಂಬರ್ಧ. ನನ್ನ ಜೊತೆ ಮಾತೇ ನಿಂತುಹೋಗಿದೆ. ಸಮುದ್ರಕ್ಕೆ ಹೂಮಾಲೆ ಬಿಟ್ಟು ಅಪ್ಪನ್ನ ಕಳಿಸಿಕೊಡೋಣ ಅಂದ್ರೆ, ಮನೇಲಿರೋನನ್ನ ಎಲ್ಲಿಗೆ ಕಳಿಸ್ತೀಯ ಅಂತಾಳೆ." ಅವಳು ಉಕುಲೇಲೆಯನ್ನು ನನ್ನ ಕಡೆಗೆ ತಳ್ಳಿದಳು. "ಅಪ್ಪ ಅಂತೂ ಹೋದ. ಇವಳನ್ನಾದ್ರೂ ಉಳಿಸಿಕೊಡಿ."

ಅವಳು ಹೋದ ಮೇಲೆ ವಾದ್ಯವನ್ನು ಕೈಗೆತ್ತಿಕೊಂಡೆ. ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು. "ಕೈಪೋ" ಎಂದೆ. ಅದು ಸುಮ್ಮನಿತ್ತು. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ. ಹೊಟ್ಟೆಯ ಕೆಳಭಾಗದಲ್ಲಿ ಒಂದು ಕಡೆ ಮಾತ್ರ ಸಡಿಲವಾದ ಸದ್ದು. ಮುಂಭಾಗದ ದುಂಡನೆಯ ತೂತಿನೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು ನೋಡಿದೆ. ಹೊರಗಡೆ ಮರದ ದಪ್ಪನೆಯ ಕಪ್ಪು ಗೆರೆ ಇದ್ದ ಜಾಗದಲ್ಲಿ ಒಳಗಡೆ ಗೆರೆಯೇ ಇಲ್ಲ. ಒಂದೇ ಹಲಗೆಯಾಗಿದ್ದರೆ ಗೆರೆ ಈ ಕಡೆಯಿಂದ ಆ ಕಡೆಗೆ ಹಾದಿರಬೇಕು. ತೂತಿನ ಅಂಚಿಗೆ ಅಣ್ಣ ಅಂಟಿಸಿದ್ದ ಬಿಳಿ ಪಟ್ಟಿಯನ್ನು ಸ್ವಲ್ಪವೇ ಎಬ್ಬಿಸಿದೆ. ಕೆಳಗೆ ಮೂರು ಪದರಗಳು ಎದ್ದು ಕಂಡವು.

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಊರಿಗೆಲ್ಲ ಉಪದೇಶ ಮಾಡಿಕೊಂಡು ಮನೆಯಲ್ಲಿ ಇಂಥದ್ದು ಮಾಡಿಟ್ಟಿದ್ದನಲ್ಲ. ಆದರೂ ಎದೆ ಹಗುರವಾಯಿತು. ಇದನ್ನು ತೋರಿಸಿದರೆ ಅತ್ತಿಗೆಯ ಭ್ರಮೆ ಬಿಡುತ್ತದೆ ಎಂದುಕೊಂಡು ಇಬ್ಬರಿಗೂ ಹೇಳಿಕಳಿಸಿದೆ.

"ನೋಡು ಅತ್ತಿಗೆ, ಇದು ಇಡೀ ಮರ ಅಲ್ಲ. ಕೋಆ ಇರೋದು ಮೇಲೆ ಕೆಳಗೆ ಅಂಗಿ ತೊಡಿಸಿದ ಹಾಗೆ. ಒಂದು ಕಡೆ ಅಂಟು ಬಿಟ್ಟಿದೆ, ಪದರ ಅದುರತ್ತೆ, ಅಷ್ಟೆ. ಅಣ್ಣ ಇದರೊಳಗಿಲ್ಲ."

"ಗೊತ್ತು" ಎಂದಳು ಅತ್ತಿಗೆ. "ಅಂಟಿಸುವಾಗ ಹಲಗೆ ಒತ್ತಿ ಹಿಡಿದಿದ್ದೋಳೇ ನಾನು. ಸ್ಕೂಲ್ ಮಕ್ಕಳು ವಾದ್ಯಾನ ಬಿಸಿಲಲ್ಲಿ ಗಾಡಿಯೊಳಗೆ ಬಿಟ್ಟುಹೋಗ್ತಾರೆ, ಇಡೀ ಮರ ಸೀಳಿಹೋಗತ್ತೆ, ಅವರಪ್ಪಂದಿರ ಕೈಗೆಟುಕೋ ಅಂಥದ್ದು ಮಾಡೋ ಅಂತ ಪ್ರಾಣ ತಿಂದು ಮಾಡಿಸಿದೆ. ಒಂದೇ ಒಂದು ಮಾಡ್ದ. ನಿನಗೆ ಗೊತ್ತಾದ್ರೆ ಆಡ್ಕೋತೀಯ ಅಂತ ಪಟ್ಟಿ ಅಂಟಿಸಿ ಮುಚ್ಚಿಟ್ಟ."

"ಮತ್ತೆ ಅವನು ಇದರಲ್ಲಿದ್ದಾನೆ ಅಂತ..."

"ಅದು ನೀವು ಹೇಳಿದ್ದು. ನಾನು ಯಾವತ್ತು ಹೇಳ್ದೆ?"

"ಹಾಗಾದ್ರೆ ದಿನಾ ಯಾರ ಜೊತೆ ಮಾತಾಡ್ತೀಯ?"

ಅತ್ತಿಗೆ ಉಕುಲೇಲೆಯನ್ನು ಎದೆಗೊತ್ತಿಕೊಂಡಳು. "ಅವನ ದನಿ ಮರೆತುಹೋಗ್ತಿತ್ತು ಕಣೋ ಪೆಕೆಲೋ. ಮುಖ ನೆನಪಿದೆ, ದನಿ ಮಾತ್ರ ಜಾರಿ ಹೋಗ್ತಿತ್ತು. ನನ್ನ ಕೀರಲು ದನಿಗೆ ಇದು ಅಲ್ಲಾಡಲ್ಲ. ಅವನು ಊಟಕ್ಕೆ ಕೂಗ್ತಿದ್ನಲ್ಲ, ಆ ತಗ್ಗಿನ ದನಿಗೆ ಮಾತ್ರ ಗುಂಯ್ ಅನ್ನತ್ತೆ. ಇದು ಗುಂಯ್ ಅಂದ್ರೆ ಅವನ ದನಿ ನಂಗೆ ಸರಿಯಾಗಿ ಬಂತು ಅಂತ ಅರ್ಥ."

ಅವಳು ಗದ್ದ ತಗ್ಗಿಸಿ ಆ ತೂತಿನ ಮೇಲೆ ಬಾಗಿದಳು. "ಲೇಹುವಾ, ಅನ್ನ ಆಯ್ತೇನೇ?"

ಅದು ನನ್ನ ಅಣ್ಣನ ದನಿ. ಹೋಲಿಕೆ ಗೀಲಿಕೆ ಅಲ್ಲ, ಅವನದೇ. ಹಲಗೆ ಗುಂಯ್ ಎಂದಿತು.

ನೋಯೆ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು. "ಸಾಕು ಮಾಡಮ್ಮ. ನಂಗೆ ನಿನ್ನ ದನಿ ಬೇಕು. ಅದ್ರಲ್ಲಿ ನೀನು ನನ್ನನ್ನ ಕರೆದು ಯಾವ ಕಾಲ ಆಯ್ತು."

ಅತ್ತಿಗೆ ಮಗಳತ್ತ ತಿರುಗಿದಳು. ಆಮೇಲೆ ಉಕುಲೇಲೆಯನ್ನು ನನ್ನ ಬೆಂಚಿನ ಮೇಲಿಟ್ಟು, "ಅಂಟು ಹಾಕು" ಎಂದಳು.

ಸಿರಿಂಜಿನಿಂದ ಪದರದೊಳಗೆ ಅಂಟು ಬಿಟ್ಟು ಕ್ಲಾಂಪು ಬಿಗಿದೆ. ಒಣಗಿದ ಮೇಲೆ ಅತ್ತಿಗೆ ಬಂದು ಅದರೊಳಗೆ ಅಣ್ಣನ ದನಿಯಲ್ಲಿ ಕೂಗಿ ನೋಡಿದಳು. ಹಲಗೆ ಮಿಸುಕಲಿಲ್ಲ. ತಲೆಯಾಡಿಸಿ, "ಆಯ್ತು, ದೋಣಿಗೆ ಹೇಳು, ಹೂಮಾಲೆ ಬಿಡೋಣ" ಎಂದಳು. ಅವಳು ನಮ್ಮ ಕಡೆಗೆ ಬಂದಳು ಎಂದು ನನಗೆ ನಿಜಕ್ಕೂ ಸಂತೋಷವಾಯಿತು.

ಭಾನುವಾರ ಬೆಳಿಗ್ಗೆ ದೋಣಿಯ ಹುಟ್ಟು ಹಾಕುತ್ತ ಕೊಲ್ಲಿಯಾಚೆಗೆ ಹೋದೆವು. ನೋಯೆ ಮುಂದೆ, ಅತ್ತಿಗೆ ನಡುವೆ, ನಾನು ಹಿಂದೆ. ನೋಯೆ ತನ್ನ ಹೂಮಾಲೆಯನ್ನು ನೀರಿಗೆ ಬಿಟ್ಟು, ಅದು ತೇಲುತ್ತ ಹೋಗುವುದನ್ನೇ ನೋಡುತ್ತಿದ್ದಳು. ನಮ್ಮಲ್ಲಿ ಸತ್ತವನನ್ನು ಹೆಂಡತಿ ಕೊನೆಯ ಸಲ ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು. ಅತ್ತಿಗೆ ಮಾಲೆ ಬಿಟ್ಟು ಬಾಯಿ ತೆರೆದಳು.

"ಕೈಪೋ."

ಅಣ್ಣನ ಅದೇ ತಗ್ಗಿನ ದನಿ. ಅತ್ತಿಗೆ ಬೆಚ್ಚಿ ಗಂಟಲು ಮುಟ್ಟಿಕೊಂಡಳು. ಕೆಮ್ಮಿದಳು, ಇನ್ನೊಮ್ಮೆ ಕರೆದಳು. ಮತ್ತೆ ಅದೇ. ನನ್ನತ್ತ ತಿರುಗಿದಳು. ಆ ಕಣ್ಣುಗಳಲ್ಲಿದ್ದ ಭಯವನ್ನು ನಾನು ಇನ್ನೂ ಮರೆತಿಲ್ಲ. ತನ್ನ ದನಿ ಎಲ್ಲಿದೆ ಎಂದು ಒಳಗೆಲ್ಲ ಹುಡುಕಿ ಬರಿಗೈಯಲ್ಲಿ ಕೂತಿದ್ದಳು. ಕೊನೆಗೆ ಮಗಳನ್ನು ಕರೆದಳು.

"ನೋಯೆ."

ಹೂಮಾಲೆಯಿಂದ ಕಣ್ಣು ತೆಗೆಯದೆ, ತಿರುಗಿಯೂ ನೋಡದೆ, ಹುಡುಗಿ ಓಗೊಟ್ಟಳು.

"ಬಂದೆ ಅಪ್ಪ."