ಎರಡು ಬಟ್ಟಲು, ಒಂದೇ ನೀಲಿ

ತಿರುಗಬೇಕಾದ್ದು ತಿರುಗುತ್ತಿಲ್ಲ, ತಿರುಗಬಾರದ್ದು ತಿರುಗುತ್ತಿದೆ. ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ವಾಚಣ್ಣನಿಗೆ ಇಷ್ಟು ಮಾತ್ರ ಕಂಡಿತು. ಅದರಾಚೆಗೆ ತಲೆಬುಡ ತಿಳಿಯಲಿಲ್ಲ.

ಗೇರ್ ಸೈಕಲ್ಲಿನ ಹಿಂದೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೋಳೊಂದು ಜೋತುಬಿದ್ದಿರುತ್ತದಲ್ಲ, ಡಿರೇಲರ್, ಅದರಲ್ಲಿ ಎರಡು ಪುಟ್ಟ ಗಾಲಿಗಳಿರುತ್ತವೆ. ಗಾಲಿ ಸಲೀಸಾಗಿ ತಿರುಗಬೇಕು, ಅದನ್ನು ಹಿಡಿದ ಬೋಲ್ಟ್ ಮಾತ್ರ ಅಲುಗಬಾರದು. ಅದಕ್ಕೇ ಗಾಲಿಯ ನಡುವಿಗೆ ಒಂದು ತೊಟ್ಟು ಎಣ್ಣೆ, ಬೋಲ್ಟಿನ ಥ್ರೆಡ್ಡಿಗೆ ಒಂದು ತೊಟ್ಟು ಲಾಕರ್ ಅನ್ನುವ ಅಂಟು. ರಸ್ತೆ ಎಷ್ಟು ಕುಲುಕಿದರೂ ಬೋಲ್ಟ್ ಸಡಿಲಾಗದಂತೆ ಆ ಅಂಟು ಹಿಡಿದುಕೊಳ್ಳುತ್ತದೆ. ಈ ಸೈಕಲ್ಲಿಗೆ ಎರಡನ್ನೂ ಹಾಕಿದವನು ವಾಚಣ್ಣನೇ. ಆದರೆ ಈಗ ಗಾಲಿ ಕಲ್ಲಿನಂತೆ ಕಚ್ಚಿಕೊಂಡಿದೆ, ಬೋಲ್ಟು ಬೆರಳಿಗೇ ಬಿಚ್ಚಿ ಬರುತ್ತಿದೆ.

"ಏನ್ ವಾಚಣ್ಣ, ನನ್ನ ಮೇಲೇನಾದ್ರೂ ಹಳೇ ದ್ವೇಷ ಇದ್ಯಾ?" ಎಂದಳು ಟಪಾಲಮ್ಮ. ಊರಿನ ಅರ್ಧ ಮನೆಗಳಿಗೆ ಕಾಗದ ಹಂಚುವವಳು ಅವಳು. "ಹೋದ ವಾರ ಬೋಲ್ಟ್ ಉದುರಿ ಗಾಲಿ ಚರಂಡಿ ಸೇರ್ತು. ಇವತ್ತು ಇಳಿಜಾರಲ್ಲಿ ಚೈನ್ ಸಿಕ್ಕಾಕ್ಕೊಂಡು ನಾನೇ ಚರಂಡಿ ಸೇರ್ತಿದ್ದೆ. ಮಂಡಿ ನೋಡಿ ಇಲ್ಲಿ. ಕಾಗದ ಹಂಚೋಳಪ್ಪಾ ನಾನು, ಸರ್ಕಸ್ಸಿನೋಳಲ್ಲ."

ವಾಚಣ್ಣ ಮಂಡಿ ನೋಡಿದ, ಗಾಲಿ ನೋಡಿದ, ಮತ್ತೆ ಮಂಡಿ ನೋಡಿದ. "ಹಾಕಿದ್ದೆ ಕಣಮ್ಮ. ನನ್ನ ಕೈಯಾರೆ ಹಾಕಿದ್ದೆ," ಎಂದ.

ಅಂಗಡಿ ಅವನ ಅಕ್ಕನದು. ಅಪ್ಪನ ಕಾಲದಿಂದ ಬಂದ ಅಂಗಡಿಯನ್ನು ಮೂವತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು. ಗಿರಾಕಿಯೆದುರು ತಮ್ಮನನ್ನು ಅಂದಾಡುವ ಹೆಂಗಸಲ್ಲ. ತನ್ನ ಸ್ವಂತ ಸೈಕಲ್ಲನ್ನು ಟಪಾಲಮ್ಮನ ಕೈಗೆ ಕೊಟ್ಟು, ಅವಳು ತಿರುವು ದಾಟುವವರೆಗೂ ಕಾದು, ಆಮೇಲೆ ಬಾಯಿ ತೆರೆದಳು.

"ಎರಡನೇ ಸಲ ಕಣೋ ಇದು."

"ಗೊತ್ತು."

"ಇನ್ನೊಂದು ಸಲ ಆದ್ರೆ ನೀನು ಪಂಕ್ಚರ್ ಮೂಲೆಗೆ. ಗೇರ್ ಮುಟ್ಟೋ ಹಾಗಿಲ್ಲ. ಬೇಜಾರ್ ಮಾಡ್ಕೋಬೇಡ, ಜನ ಬೀಳ್ತಾರೆ." ದನಿ ತಗ್ಗಿಸಿದಳು. "ನಿಜ ಹೇಳು. ಈಚೆಗೆ ನಿಂಗೆ ಮರೆವು ಗಿರೆವು..."

ಆ ಮಾತನ್ನು ಅವಳು ಪೂರ್ತಿ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಅಪ್ಪ ಕೊನೆಗಾಲದಲ್ಲಿ ಇದೇ ಮೇಜಿನ ಮುಂದೆ ಸ್ಪ್ಯಾನರ್ ಹಿಡಿದುಕೊಂಡು "ಇದು ಯಾರ ಮನೆ ಚಮಚ?" ಎಂದು ಕೇಳಿದ್ದನ್ನು ಇಬ್ಬರೂ ಕಂಡವರೇ. ವಾಚಣ್ಣ ತನ್ನ ಕೈಯಲ್ಲಿದ್ದ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಪಂಕ್ಚರ್ ಮೂಲೆ ಹಾಳಾಗಿ ಹೋಗಲಿ. ತನ್ನ ತಲೆಯೇ ಜಾರುತ್ತಿದ್ದರೆ?

ಮೂವತ್ತೈದು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ಅವನು. ಆ ಕಸುಬು ತಣ್ಣಗಾದ ಮೇಲೆ, ಮೂರು ತಿಂಗಳ ಹಿಂದೆ ಅಕ್ಕನ ಅಂಗಡಿ ಸೇರಿದ್ದ. ಬರುವಾಗ ಹಳೇ ಕಸುಬಿನ ಅಭ್ಯಾಸವೊಂದನ್ನೂ ಜೊತೆಗೇ ತಂದಿದ್ದ. ಸೀಸೆಯ ಮೂತಿಯಿಂದ ದಪ್ಪ ತೊಟ್ಟು ಸುರಿಯುವುದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ವಾಚಿನವರ ಪದ್ಧತಿಯಂತೆ, ಬೆರಳ ತುದಿಯಷ್ಟಗಲದ ಎರಡು ಗಾಜಿನ ಬಟ್ಟಲುಗಳಲ್ಲಿ ಎಣ್ಣೆಯನ್ನೂ ಲಾಕರನ್ನೂ ಬಗ್ಗಿಸಿಟ್ಟುಕೊಂಡು, ಸೂಜಿಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಹನಿ ಎತ್ತಿ ಇಡುತ್ತಿದ್ದ. ಎಡಗಡೆ ಎಣ್ಣೆ, ಬಲಗಡೆ ಲಾಕರ್. ಅಕ್ಕನ ಅಂಗಡಿಯ ಎಣ್ಣೆಯೂ ನೀಲಿ, ಲಾಕರೂ ನೀಲಿ.

ಬಟ್ಟಲು ಅದಲುಬದಲಾಗಿದ್ದರೆ? ಆ ಅನುಮಾನ ಅವನಿಗೆ ಹೊಳೆಯದೆ ಇರಲಿಲ್ಲ. ಕಂಡುಹಿಡಿಯುವುದೇನು ಮಹಾ, ಅಂಟು ಅಂದಮೇಲೆ ಒಣಗಲೇಬೇಕು. ಒಣಗಿದ್ದು ಲಾಕರ್, ಒಣಗದ್ದು ಎಣ್ಣೆ. ಎರಡರಿಂದಲೂ ಒಂದೊಂದು ಹನಿಯನ್ನು ಗಾಜಿನ ಚೂರಿನ ಮೇಲಿಟ್ಟು ಕಾದ. ಒಂದು ಗಂಟೆ ಆಯಿತು. ಎರಡು ಆಯಿತು. ಊಟ ಮುಗಿಸಿ ಬಂದು ಬೆರಳಿಟ್ಟು ನೋಡಿದ. ಎರಡೂ ಒದ್ದೆ. ಬಟ್ಟಲುಗಳನ್ನು ಅಲ್ಲಾಡಿಸಿದರೆ ಒಳಗೆ ಎರಡೂ ನೀರಿನ ಹಾಗೆ ತುಳುಕುತ್ತಿದ್ದವು, ಸೋಮವಾರ ಬಗ್ಗಿಸಿದ್ದು ಶನಿವಾರಕ್ಕೂ ಹಾಗೇ ಇತ್ತು.

"ಏನೋ ಅದು, ಮೊಟ್ಟೆಗೆ ಕಾವು ಕೊಟ್ಟ ಹಾಗೆ ಕೂತಿದ್ದೀಯ?" ಅಕ್ಕ ಆಚೆಯಿಂದ ಕೂಗಿದಳು.

"ಏನಿಲ್ಲ."

ಏನಿಲ್ಲ ಅನ್ನುವಂತಿರಲಿಲ್ಲ. ಎರಡೂ ಒಣಗಲಿಲ್ಲ ಅಂದರೆ ಎರಡೂ ಎಣ್ಣೆಯೇ. ಹಾಗಾದರೆ ಲಾಕರನ್ನು ತಾನು ಬಗ್ಗಿಸಲೇ ಇಲ್ಲ. ಆದರೆ ಬಗ್ಗಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ: ಸೀಸೆಯ ಮುಚ್ಚಳ ಉರುಳಿ ಮೇಜಿನಡಿ ಹೋದದ್ದು, ಬಗ್ಗಿ ಹೆಕ್ಕುವಾಗ ಬೆನ್ನು ಹಿಡಿದುಕೊಂಡದ್ದು. ನಡೆಯದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿರುತ್ತದೆಯೇ? ಅಪ್ಪನಿಗೂ ಹೀಗೇ ಎಲ್ಲ ನೆನಪಿರುತ್ತಿತ್ತು, ನಡೆಯದೇ ಇದ್ದದ್ದು. ಇನ್ನು ಎರಡೂ ಎಣ್ಣೆಯೇ ಆಗಿದ್ದರೆ ಗಾಲಿ ಕಚ್ಚಿಕೊಂಡದ್ದಾದರೂ ಹೇಗೆ? ಒಂದು ಎಳೆ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಒಂದು ಗಳಿಗೆ ತಾನು ಸರಿ, ಬಟ್ಟಲು ಸುಳ್ಳು ಅನ್ನಿಸುತ್ತಿತ್ತು. ಮರುಗಳಿಗೆಗೆ ಬಟ್ಟಲೇ ಸರಿ ಅನ್ನಿಸುತ್ತಿತ್ತು.

ಕೊನೆಗೆ ಲಾಕರಿನ ಸೀಸೆಯನ್ನೇ ಎತ್ತಿಕೊಂಡ. ಹೆಬ್ಬೆರಳಷ್ಟು ಸೀಸೆ, ಅದರ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರ. ಮೂವತ್ತು ವರ್ಷದಲ್ಲಿ ಅದನ್ನು ಅಕ್ಕನೂ ಓದಿರಲಿಕ್ಕಿಲ್ಲ. ವಾಚಣ್ಣ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹಳೇ ಭೂತಗನ್ನಡಿ ತೆಗೆದು, ಒಂದೊಂದೇ ಸಾಲು ಓದಿದ. ಗಾಳಿಯಲ್ಲಿ ಗಟ್ಟಿಯಾಗುವುದಿಲ್ಲ. ಗಾಳಿಯಾಡದ ಕಡೆ, ಲೋಹಕ್ಕೆ ಲೋಹ ಒತ್ತಿದ ಸಂದಿನಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಎಣ್ಣೆಯ ಪಸೆ ಇದ್ದರೆ ಹಿಡಿಯುವುದಿಲ್ಲ.

ಮೂರು ಸಲ ಓದಿದ. ಇದೆಂಥ ಅಂಟು, ಬಯಲಲ್ಲಿ ನೀರು, ಸಂದಿಯಲ್ಲಿ ಕಲ್ಲು!

ಎರಡು ಹಳೇ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಪಸೆ ಉಳಿಯದಂತೆ ಸ್ಪಿರಿಟ್ಟಿನಲ್ಲಿ ತೊಳೆದು ಒರೆಸಿದ. ಎಡ ಬಟ್ಟಲಿನ ಹನಿ ಒಂದಕ್ಕೆ, ಬಲ ಬಟ್ಟಲಿನ ಹನಿ ಇನ್ನೊಂದಕ್ಕೆ. ನಟ್ಟು ಬಿಗಿದು, ಚೀಟಿ ಕಟ್ಟಿ, ಅಂಗಡಿಯ ಬಾಗಿಲು ಹಾಕಿಕೊಂಡು ಅಕ್ಕನ ಹಿಂದೆ ಮನೆಗೆ ನಡೆದ. ಊಟಕ್ಕೆ ಕೂತಾಗ ಅವಳು ತನ್ನನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದುದು ಗೊತ್ತಾದರೂ ಗೊತ್ತಿಲ್ಲದವನಂತೆ ತಟ್ಟೆ ನೋಡಿದ.

ಬೆಳಿಗ್ಗೆ ಬಲ ಬಟ್ಟಲಿನ ನಟ್ಟು ಬೆರಳಿಗೇ ಬಿಚ್ಚಿಕೊಂಡಿತು. ಎಡ ಬಟ್ಟಲಿನದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ ತಿರುಗಿಸಿದ. ಆಗಲಿಲ್ಲ. ಒಂದು ಕೆಲಸ ಕೈಲಾಗದೆ ಹೋದದ್ದಕ್ಕೆ ಅಷ್ಟು ಖುಷಿಪಟ್ಟವನನ್ನು ಆ ಅಂಗಡಿ ಕಂಡಿರಲಿಲ್ಲ.

"ಅಕ್ಕಾ! ಬಗ್ಗಿಸಿದ್ದೆ ಕಣೇ ನಾನು! ಎರಡೂ ಬಗ್ಗಿಸಿದ್ದೆ! ಬಟ್ಟಲು ಅದಲುಬದಲಾಗಿದೆ ಅಷ್ಟೇ!"

ಅಕ್ಕ ಮೇಜಿನ ಹತ್ತಿರ ಬಂದಳು. ನಟ್ಟು ಹಿಡಿದು ತಾನೂ ತಿರುಗಿಸಿ ನೋಡಿದಳು. ಬಟ್ಟಲುಗಳನ್ನು ನೋಡಿದಳು. ಅವಳ ಮುಖದ ಬಣ್ಣ ಮೆಲ್ಲಗೆ ಇಳಿಯಿತು.

"ನಿನ್ನ ಬಟ್ಟಲಿಗೆ ಎಡ ಬಲ ಬೇರೆ ಇದ್ಯಾ?"

"ಇಲ್ದೆ?"

"ರಸ್ತೆ ಅಗೆಯೋಕೆ ಶುರು ಮಾಡಿದ್ಮೇಲೆ ಧೂಳು ಕೂರುತ್ತೆ ಅಂತ, ದಿನಾ ಸಂಜೆ ಬಟ್ಟಲು ಎತ್ತಿ ಮೇಜು ಒರೆಸ್ತೀನಿ ಕಣೋ. ಯಾವುದನ್ನ ಯಾವ ಕಡೆ ಇಟ್ಟೆ ಅಂತ ಯಾವಳು ನೋಡಿದ್ಲು!" ಸ್ಟೂಲಿನ ಮೇಲೆ ಕುಸಿದು ಕೂತಳು. "ಅಪ್ಪನ ಹಾಗೆ ನಿಂಗೂ ಆಯ್ತು ಅಂತ ಒಂದು ವಾರದಿಂದ ನಂಗೆ ಊಟ ಸೇರಿಲ್ಲ. ಡಾಕ್ಟ್ರನ್ನೂ ವಿಚಾರಿಸಿ ಬಂದೆ."

"ಡಾಕ್ಟ್ರನ್ನಾ? ಏನಂದ್ರು?"

"ಕರ್ಕೊಂಡ್ ಬನ್ನಿ ಅಂದ್ರು."

"ಯಾರನ್ನ ಕರ್ಕೊಂಡ್ ಹೋಗೋದು ಈಗ? ನನ್ನನ್ನೋ ನಿನ್ನನ್ನೋ?"

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ವಾಚಣ್ಣನಿಗೆ ಗೊತ್ತಾಗಲಿಲ್ಲ. ಬೆನ್ನು ಸವರಲೋ, ತಮಾಷೆ ಮುಂದುವರಿಸಲೋ ತಿಳಿಯದೆ ನಟ್ಟು ಹಿಡಿದುಕೊಂಡೇ ನಿಂತ. ಸೆರಗಿನೊಳಗಿಂದ ಅವಳ ದನಿ ಬಂತು:

"ನಿಂತ್ಕೊಂಡ್ ಏನ್ ನೋಡ್ತೀಯ? ಟಪಾಲಮ್ಮನ ಸೈಕಲ್ ಸ್ಟ್ಯಾಂಡಿಗೆ ಏರಿಸು. ಗೇರ್ ನೀನೇ ಮಾಡು."